ಒಂದೇ ಅಣು, ಹತ್ತಾರು ಆಜ್ಞೆ: ಸೈಕ್ಲಿಕ್ ಎಎಂಪಿ ನಡೆದು ಬಂದ ದಾರಿ

ಅಡ್ರಿನಲಿನ್ ರಕ್ತಕ್ಕೆ ಇಳಿದಾಗ ಎದೆಬಡಿತ ಜೋರಾಗುತ್ತದೆ. ಲಿವರ್ ತಾನು ಕೂಡಿಟ್ಟ ಸಕ್ಕರೆಯನ್ನು ಹೊರಗೆ ಬಿಡುತ್ತದೆ. ಕೊಬ್ಬಿನ ಕೋಶಗಳು ಕೊಬ್ಬು ಕರಗಿಸತೊಡಗುತ್ತವೆ. ಮೂರೂ ಬೇರೆ ಬೇರೆ ಕೆಲಸ, ಅಲ್ವಾ? ಆದರೆ ಅಡ್ರಿನಲಿನ್ ಈ ಕೆಲಸಗಳಿಗಾಗಿ ಕೋಶದ ಒಳಕ್ಕೆ ಹೋಗಬೇಕಾಗಿಲ್ಲ. ಹೊರಪೊರೆಯ ಮೇಲಿರುವ ರಿಸೆಪ್ಟರ್‌ಗೆ ಅಂಟಿಕೊಂಡರೆ ಅದರ ಕೆಲಸ ಮುಗಿಯಿತು. ಒಳಗೆ ಸುದ್ದಿ ಮುಟ್ಟಿಸುವುದು ಸೈಕ್ಲಿಕ್ ಎಎಂಪಿ ಎಂಬ ಇನ್ನೊಂದು ಅಣು. ಹಾರ್ಮೋನ್ ಮೊದಲ ಸಂದೇಶವಾಹಕ, ಇದು ಎರಡನೆಯದು. ಮೂರೂ ಕಡೆ ಓಡಾಡುವುದು ಇದೇ ಅಣು. ಹಾಗಿದ್ದ ಮೇಲೆ ಒಂದೊಂದು ಕಡೆ ಒಂದೊಂದು ಅರ್ಥ ಬರುವುದು ಹೇಗೆ? ಈ ಅಣುವಿನ ಇತಿಹಾಸವೆಲ್ಲ ಈ ಪ್ರಶ್ನೆಯ ಸುತ್ತಲೇ ತಿರುಗಿದೆ.

ಕಥೆ ಶುರುವಾಗುವುದು 1950ರ ದಶಕದಲ್ಲಿ, ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ. ಕೋಶ ಇಡಿಯಾಗಿದ್ದರೆ ಮಾತ್ರ ಹಾರ್ಮೋನ್ ಕೆಲಸ ಮಾಡುತ್ತದೆ, ಒಡೆದರೆ ಮಾಡುವುದಿಲ್ಲ ಎಂಬ ನಂಬಿಕೆ ಆಗ ಗಟ್ಟಿಯಾಗಿತ್ತು. ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದಲ್ಲಿದ್ದ ಅರ್ಲ್ ಸದರ್ಲ್ಯಾಂಡ್ ಮತ್ತು ಥಿಯೋಡೋರ್ ರಾಲ್ ಈ ನಂಬಿಕೆಯನ್ನೇ ಪರೀಕ್ಷೆಗೆ ಒಡ್ಡಿದರು. ಲಿವರ್ ಕೋಶಗಳನ್ನು ಅರೆದು, ಆ ದ್ರವಕ್ಕೆ ಅಡ್ರಿನಲಿನ್ ಹಾಕಿದರು. ಲಿವರ್ ಕೂಡಿಟ್ಟ ಸಕ್ಕರೆಯಾದ ಗ್ಲೈಕೋಜೆನ್ ಅನ್ನು ಒಡೆಯುವ ಫಾಸ್ಫೊರಿಲೇಸ್ ಎಂಬ ಕಿಣ್ವ ಚುರುಕಾಯಿತು! ಒಡೆದ ಕೋಶದಲ್ಲೂ ಹಾರ್ಮೋನ್ ಕೆಲಸ ಮಾಡಿತ್ತು.

ನಿಜವಾದ ತಿರುವು ಬಂದದ್ದು ಆಮೇಲೆ. ದ್ರವವನ್ನು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ತಳಕ್ಕೆ ಕೂತ ಚರಟವನ್ನು ತೆಗೆದರೆ, ಅಡ್ರಿನಲಿನ್‌ಗೆ ಕಿಣ್ವ ಕದಲುತ್ತಲೇ ಇರಲಿಲ್ಲ. ಚರಟವನ್ನು ಮತ್ತೆ ಸೇರಿಸಿದರೆ ಚುರುಕಾಗುತ್ತಿತ್ತು. ಕಿಣ್ವ ಇದ್ದದ್ದು ಮೇಲಿನ ತಿಳಿಯಲ್ಲಿ. ಹಾಗಾದರೆ ಚರಟಕ್ಕೇನು ಕೆಲಸ? ಅವರು ಚರಟಕ್ಕೆ ಮಾತ್ರ ಹಾರ್ಮೋನನ್ನೂ, ಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ ಎಂಬ ಅಣುವನ್ನೂ ಕೊಟ್ಟು, ಬಂದದ್ದನ್ನು ಕುದಿಸಿ, ತಿಳಿಗೆ ಸುರಿದರು. ಕಿಣ್ವ ಎದ್ದಿತು. ಅಂದರೆ ಹಾರ್ಮೋನಿನ ಮಾತು ಕೇಳಿ ಚರಟ ಏನನ್ನೋ ತಯಾರಿಸುತ್ತಿತ್ತು. ಕುದಿಸಿದರೂ ಅದು ಕೆಡುತ್ತಿರಲಿಲ್ಲ, ಆದ್ದರಿಂದ ಪ್ರೋಟೀನ್ ಆಗಿರುವ ಸಾಧ್ಯತೆ ಕಡಿಮೆ. ಪುಟ್ಟದೊಂದು ಅಣುವೇ ಇರಬೇಕು. ಈಗ ನಮಗೆ ಗೊತ್ತು, ಆ ಚರಟದಲ್ಲಿದ್ದದ್ದು ಕೋಶಪೊರೆಯ ಚೂರುಗಳು. ನನಗೆ ಇಡೀ ಕಥೆಯಲ್ಲಿ ಅತ್ಯಂತ ಇಷ್ಟವಾದ ಪ್ರಯೋಗ ಇದು. ಬೇರೆಯವರು ಸುಮ್ನೆ ಚೆಲ್ಲಿಬಿಡಬಹುದಾಗಿದ್ದ ಚರಟದಲ್ಲೇ ಉತ್ತರ ಇತ್ತು.

ಆ ಅಣು ಯಾವುದು ಎಂದು ಗುರುತಿಸಿದ ಬಗೆಯೂ ಚೆನ್ನಾಗಿದೆ. ಸೇಂಟ್ ಲೂಯಿಯಲ್ಲಿ ಡೇವಿಡ್ ಲಿಪ್ಕಿನ್ ಎಂಬ ರಸಾಯನ ವಿಜ್ಞಾನಿ ಎಟಿಪಿಯನ್ನು ಬೇರಿಯಂ ಹೈಡ್ರಾಕ್ಸೈಡ್ ಜೊತೆ ಕಾಯಿಸಿ ವಿಚಿತ್ರವಾದ ವಸ್ತುವೊಂದನ್ನು ಪಡೆದಿದ್ದರು. ಅದರ ಬಗ್ಗೆ ಲಿಯಾನ್ ಹೆಪ್ಪೆಲ್ ಎಂಬ ಜೀವರಸಾಯನ ವಿಜ್ಞಾನಿಗೆ ಪತ್ರ ಬರೆದರು. ಸದರ್ಲ್ಯಾಂಡ್ ಕೂಡ ಅದೇ ಹೆಪ್ಪೆಲ್‌ಗೆ ಬರೆದರು. ಎರಡೂ ಪತ್ರಗಳಲ್ಲಿರುವುದು ಒಂದೇ ಅಣು ಎಂದು ಹೊಳೆದದ್ದು ಹೆಪ್ಪೆಲ್‌ಗೆ. ಇಬ್ಬರಿಗೂ ಅವರೇ ಸಂಪರ್ಕ ಮಾಡಿಸಿದರು.

ರಚನೆ ನೋಡಿದರೆ ತುಂಬಾ ಸರಳ. ಎಟಿಪಿಯ ಮೂರು ಫಾಸ್ಫೇಟ್‌ಗಳಲ್ಲಿ ಎರಡು ಕಳಚಿ ಹೋಗುತ್ತವೆ. ಉಳಿದ ಒಂದು ಬಾಗಿ, ರೈಬೋಸ್ ಸಕ್ಕರೆಯ 3 ಮತ್ತು 5ನೇ ಇಂಗಾಲಗಳ ನಡುವೆ ಉಂಗುರವಾಗಿ ಕೂರುತ್ತದೆ. ಅಣುತೂಕ ಸುಮಾರು 329. ನೀರಿನಲ್ಲಿ ಕರಗುತ್ತದೆ, ಋಣ ವಿದ್ಯುದಂಶ ಹೊತ್ತಿರುತ್ತದೆ. ಆದ್ದರಿಂದ ಪೊರೆಯನ್ನು ಸಲೀಸಾಗಿ ದಾಟಲಾರದು. ಇದನ್ನು ತಯಾರಿಸುವ ಕಿಣ್ವ ಅಡಿನೈಲಿಲ್ ಸೈಕ್ಲೇಸ್. ಉಂಗುರವನ್ನು ಬಿಚ್ಚಿ ಸದ್ದಡಗಿಸುವ ಕಿಣ್ವ ಫಾಸ್ಫೋಡೈಎಸ್ಟರೇಸ್. ಈ ಎರಡನೆಯ ಕಿಣ್ವವನ್ನು ಮರೆಯಬೇಡಿ, ಮುಂದೆ ಇದರ ಪಾತ್ರ ದೊಡ್ಡದು. 1971ರಲ್ಲಿ ಸದರ್ಲ್ಯಾಂಡ್ ಅವರಿಗೆ ನೊಬೆಲ್ ಬಂತು, ಆ ವರ್ಷದ ವೈದ್ಯಕೀಯ ಬಹುಮಾನ ಅವರೊಬ್ಬರಿಗೇ.

ಅಷ್ಟರಲ್ಲಿ ಈ ಅಣು ಯಾರೂ ನಿರೀಕ್ಷಿಸದ ಕಡೆಯಲ್ಲೆಲ್ಲ ಸಿಗತೊಡಗಿತ್ತು. 1965ರಲ್ಲಿ ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ಕಂಡಿತು. ಅಲ್ಲಿ ಹಾರ್ಮೋನೇ ಇಲ್ಲ. ಗ್ಲೂಕೋಸ್ ಖಾಲಿಯಾದಾಗ ಬ್ಯಾಕ್ಟೀರಿಯಾದೊಳಗೆ ಸೈಕ್ಲಿಕ್ ಎಎಂಪಿ ಏರುತ್ತದೆ, ಬೇರೆ ಸಕ್ಕರೆ ತಿನ್ನಲು ಬೇಕಾದ ಜೀನ್‌ಗಳು ತೆರೆದುಕೊಳ್ಳುತ್ತವೆ. 1967ರಲ್ಲಿ ಇನ್ನೊಂದು ಅಚ್ಚರಿ ಬಂತು. ಡಿಕ್ಟಿಯೊಸ್ಟೀಲಿಯಂ ಎಂಬ ಅಮೀಬಾ ಮಣ್ಣಿನಲ್ಲಿ ಒಂಟಿಯಾಗಿ ಬದುಕುತ್ತದೆ. ಆಹಾರ ಮುಗಿದಾಗ ಸಾವಿರಾರು ಅಮೀಬಾಗಳು ಒಂದು ಕಡೆ ಸೇರಿ, ಒಂದೇ ದೇಹದಂತೆ ಹರಿದಾಡುತ್ತವೆ. ಅವುಗಳನ್ನು ಕರೆಯುವ ರಾಸಾಯನಿಕವೂ ಸೈಕ್ಲಿಕ್ ಎಎಂಪಿಯೇ. ಇಲ್ಲಿ ಅದು ಕೋಶದಿಂದ ಹೊರಗೆ ಬಂದು, ಕೆಲವು ನಿಮಿಷಕ್ಕೊಮ್ಮೆ ಅಲೆ ಅಲೆಯಾಗಿ ಹರಡುತ್ತದೆ. ಊಟವಿಲ್ಲದೆ ರಕ್ತದ ಸಕ್ಕರೆ ಇಳಿದಾಗ ಗ್ಲುಕಗಾನ್ ಎಂಬ ಹಾರ್ಮೋನ್ ನಮ್ಮ ಲಿವರ್‌ನಲ್ಲಿ ಎಬ್ಬಿಸುವುದೂ ಇದನ್ನೇ. ಬ್ಯಾಕ್ಟೀರಿಯಾ, ಅಮೀಬಾ, ಮನುಷ್ಯ, ಮೂವರಲ್ಲೂ ಹಸಿವಿನ ಸುದ್ದಿಗೆ ಒಂದೇ ಅಣು. ಇದನ್ನು ಓದಿದಾಗಲೆಲ್ಲ ನನಗೆ ಮೈ ಜುಂ ಎನ್ನುತ್ತದೆ.

ಸುದ್ದಿಯನ್ನು ಕೋಶದೊಳಗೆ ಓದುವವರು ಯಾರು? 1968ರಲ್ಲಿ ಎಡ್ವಿನ್ ಕ್ರೆಬ್ಸ್ ತಂಡ ಪ್ರೋಟೀನ್ ಕೈನೇಸ್ ಎ ಎಂಬ ಕಿಣ್ವವನ್ನು ಕಂಡುಹಿಡಿಯಿತು. ಸಾಮಾನ್ಯವಾಗಿ ಇದರ ಕೆಲಸ ಮಾಡುವ ಎರಡು ತುಂಡುಗಳನ್ನು ಇನ್ನೆರಡು ತುಂಡುಗಳು ಅದುಮಿ ಹಿಡಿದಿರುತ್ತವೆ. ಸೈಕ್ಲಿಕ್ ಎಎಂಪಿ ಬಂದು ಅಂಟಿದರೆ ಆ ಹಿಡಿತ ಸಡಿಲವಾಗುತ್ತದೆ. ಆಮೇಲೆ ಕಿಣ್ವ ಎದುರಿಗೆ ಸಿಕ್ಕ ತಕ್ಕ ಪ್ರೋಟೀನ್‌ಗೆ ಫಾಸ್ಫೇಟ್ ಅಂಟಿಸುತ್ತದೆ. ಆ ಪ್ರೋಟೀನ್‌ಗಳು ಲಿವರ್‌ನಲ್ಲಿ ಬೇರೆ, ಹೃದಯದಲ್ಲಿ ಬೇರೆ. ಮೊದಲ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿ ಸಿಕ್ಕಿತು.

ಪೊರೆಯಲ್ಲಿ ರಿಸೆಪ್ಟರ್ ಮತ್ತು ಸೈಕ್ಲೇಸ್ ನಡುವೆ ಇನ್ನೊಬ್ಬ ಮಧ್ಯವರ್ತಿ ಇದ್ದಾನೆ ಎಂದು ಮಾರ್ಟಿನ್ ರಾಡ್ಬೆಲ್ ತೋರಿಸಿದರು. ಅದಕ್ಕೆ ಎಟಿಪಿಯಂಥದೇ ಇನ್ನೊಂದು ಅಣುವಾದ ಜಿಟಿಪಿ ಬೇಕಿತ್ತು. ಆಲ್ಫ್ರೆಡ್ ಗಿಲ್ಮನ್ ಆ ಜಿ ಪ್ರೋಟೀನನ್ನು ಬೇರ್ಪಡಿಸಿದರು. 1994ರ ನೊಬೆಲ್ ಇಬ್ಬರಿಗೂ ಸಂದಿತು. ಈ ಮಧ್ಯವರ್ತಿ ಎಷ್ಟು ಮುಖ್ಯ ಎಂಬುದಕ್ಕೆ ಕಾಲರಾ ಸಾಕ್ಷಿ. ಕಾಲರಾ ಉಂಟುಮಾಡುವುದು ಒಂದು ವಿಷ ಎಂದು 1959ರಲ್ಲಿ ಕಲ್ಕತ್ತಾದ ಶಂಭುನಾಥ್ ದೇ ಮೊಲದ ಕರುಳಿನಲ್ಲಿ ತೋರಿಸಿದ್ದರು. ಆ ವಿಷ ಜಿ ಪ್ರೋಟೀನನ್ನು ಆರದಂತೆ ಮಾಡಿಬಿಡುತ್ತದೆ. ಕರುಳಿನ ಕೋಶದಲ್ಲಿ ಸೈಕ್ಲಿಕ್ ಎಎಂಪಿ ಏರುತ್ತಲೇ ಹೋಗುತ್ತದೆ, ಕ್ಲೋರೈಡ್ ಹೊರಗೆ ಹರಿಯುತ್ತದೆ, ಅದರ ಹಿಂದೆ ನೀರು. ರೋಗ ತೀವ್ರವಾದರೆ ಗಂಟೆಗೆ ಒಂದು ಲೀಟರ್‌ವರೆಗೂ ನೀರು ಹೋಗಬಹುದು.

ಉಳಿದರ್ಧ ಉತ್ತರಕ್ಕೆ ಬರೋಣ. ಒಂದೇ ಕೋಶದೊಳಗೂ ಗೊಂದಲ ಯಾಕೆ ಆಗುವುದಿಲ್ಲ? 1970ರ ದಶಕದ ಕೊನೆಗೆ ಲಾರೆನ್ಸ್ ಬ್ರಂಟನ್ ಮತ್ತು ಸಂಗಡಿಗರು ಹೃದಯದಲ್ಲಿ ವಿಚಿತ್ರ ಕಂಡರು. ಅಡ್ರಿನಲಿನ್‌ನಂಥ ಔಷಧವೂ, ಪ್ರೋಸ್ಟಾಗ್ಲಾಂಡಿನ್ ಇ1 ಎಂಬ ಇನ್ನೊಂದು ಸಂಕೇತದ ಅಣು ಕೂಡ ಸೈಕ್ಲಿಕ್ ಎಎಂಪಿ ಏರಿಸುತ್ತಿದ್ದವು. ಆದರೆ ಮೊದಲನೆಯದಕ್ಕೆ ಮಾತ್ರ ಹೃದಯದ ಸಂಕೋಚನ ಬಲವಾಗುತ್ತಿತ್ತು. ನೀರಿಗೆ ಬಿದ್ದ ಶಾಯಿಯ ಹನಿಯಂತೆ ಈ ಅಣು ಎಲ್ಲೆಡೆ ಹರಡುತ್ತದೆ ಎಂಬ ಚಿತ್ರ ಅಲ್ಲಿಗೆ ಬಿದ್ದುಹೋಯಿತು. ಎಷ್ಟಿದೆ ಎನ್ನುವುದರಷ್ಟೇ, ಎಲ್ಲಿದೆ ಎನ್ನುವುದೂ ಮುಖ್ಯ. ಆಂಕರ್ ಪ್ರೋಟೀನ್‌ಗಳು ಕೈನೇಸನ್ನು ಗೊತ್ತಾದ ಜಾಗದಲ್ಲೇ ಕಟ್ಟಿಹಾಕುತ್ತವೆ. ಪಕ್ಕದಲ್ಲೇ ಫಾಸ್ಫೋಡೈಎಸ್ಟರೇಸ್ ಕಾದು ಕೂತು, ದಾರಿ ತಪ್ಪಿ ಬಂದ ಅಣುಗಳನ್ನು ಬಿಚ್ಚಿಹಾಕುತ್ತದೆ. ಸಸ್ತನಿಗಳಲ್ಲಿ ಈ ಕಿಣ್ವಗಳ 11 ಕುಟುಂಬಗಳಿವೆ. ಅಷ್ಟೊಂದು ಬಗೆ ಯಾಕೆ ಬೇಕು ಎಂಬುದು ಈಗ ಅರ್ಥವಾಗುತ್ತಿದೆ.

ಡನ್ಸ್ ಎಂಬ ಹಣ್ಣುನೊಣದ ತಳಿಯಲ್ಲಿ ಇಂಥ ಒಂದೇ ಒಂದು ಕಿಣ್ವ ಕೆಟ್ಟಿರುತ್ತದೆ. ಸೈಕ್ಲಿಕ್ ಎಎಂಪಿ ಜಾಸ್ತಿಯಾಗುತ್ತದೆ, ನೊಣಕ್ಕೆ ಪಾಠ ನೆನಪಿನಲ್ಲಿ ನಿಲ್ಲುವುದಿಲ್ಲ. ಮನುಷ್ಯರಲ್ಲಿ ಇನ್ನೂ ಕಠೋರವಾದ ಪಾಠ ಸಿಕ್ಕಿತು. ದುರ್ಬಲ ಹೃದಯಕ್ಕೆ ಬಲ ಕೊಡಲು ಮಿಲ್ರಿನೋನ್ ಎಂಬ ಔಷಧ ಇತ್ತು. ಅದು ಫಾಸ್ಫೋಡೈಎಸ್ಟರೇಸ್ 3 ಅನ್ನು ತಡೆದು ಸೈಕ್ಲಿಕ್ ಎಎಂಪಿ ಏರಿಸುತ್ತದೆ. ತೀವ್ರ ಹೃದಯ ವೈಫಲ್ಯದ 1,088 ರೋಗಿಗಳ ಮೇಲೆ ಅದನ್ನು ಮಾತ್ರೆಯಾಗಿ ಪರೀಕ್ಷಿಸಿದರು. 1991ರಲ್ಲಿ ಫಲಿತಾಂಶ ಬಂದಾಗ, ಮಿಲ್ರಿನೋನ್ ತೆಗೆದುಕೊಂಡವರಲ್ಲಿ ಸಾವು ಶೇ 28ರಷ್ಟು ಹೆಚ್ಚಾಗಿತ್ತು. ಅಡ್ರಿನಲಿನ್ ಸಂಕೇತವನ್ನೇ ತಗ್ಗಿಸುವ ಬೀಟಾ ಬ್ಲಾಕರ್‌ಗಳು ಇಂಥ ರೋಗಿಗಳ ಆಯುಷ್ಯ ಹೆಚ್ಚಿಸುತ್ತವೆ ಎಂದು ಮುಂದಿನ ವರ್ಷಗಳಲ್ಲಿ ಸಾಬೀತಾಯಿತು.

ಈಗ ಬೆಳಕು ಸೂಸುವ ಸೆನ್ಸರ್ ಪ್ರೋಟೀನ್‌ಗಳನ್ನು ಕೋಶದೊಳಗೆ ಇಟ್ಟು, ಸೈಕ್ಲಿಕ್ ಎಎಂಪಿ ಎಲ್ಲಿ ಏರಿತು, ಎಲ್ಲಿ ಇಳಿಯಿತು ಎಂದು ನೇರವಾಗಿ ನೋಡಬಹುದು. 1991ರಲ್ಲಿ ರೋಜರ್ ಚಿಯೆನ್ ಅವರ ಪ್ರಯೋಗಾಲಯದಿಂದ ಬಂದ ಸೆನ್ಸರ್ ಈ ದಾರಿ ತೆರೆಯಿತು. ಬರ್ಲಿನ್‌ನಲ್ಲಿ ಮಾರ್ಟಿನ್ ಲೋಸೆ ಅವರ ತಂಡ ಒಂದೊಂದು ರಿಸೆಪ್ಟರ್ ಸುತ್ತ ಕೆಲವೇ ಹತ್ತಾರು ನ್ಯಾನೋಮೀಟರ್ ಅಗಲದ ಪ್ರತ್ಯೇಕ ವಲಯಗಳನ್ನು ಅಳೆದು 2022ರಲ್ಲಿ ಪ್ರಕಟಿಸಿತು. ಕೋಶದಲ್ಲಿರುವ ಎಲ್ಲ ಫಾಸ್ಫೋಡೈಎಸ್ಟರೇಸ್ 3 ಅನ್ನೂ ತಡೆಯುವ ಬದಲು, ಒಂದು ಆಂಕರ್ ಹತ್ತಿರ ಇರುವುದನ್ನು ಮಾತ್ರ ಮುಟ್ಟುವ ಔಷಧ ಮಾಡಬಹುದೇ ಎಂಬ ಹುಡುಕಾಟ ಹಲವು ಪ್ರಯೋಗಾಲಯಗಳಲ್ಲಿ ಸಾಗಿದೆ.