ಎಐಗೆ ಪಾಠ ಹೇಳುವವರು ಯಾರು?

ಪ್ರಶ್ನೆ: ಚಾಟ್‌ಜಿಪಿಟಿಯಂಥವು ಇಂಟರ್ನೆಟ್ಟಿನಲ್ಲಿ ಇರುವುದನ್ನೆಲ್ಲ ಓದಿ ತಾವಾಗಿಯೇ ಕಲಿಯುತ್ತವೆ ಎನ್ನುತ್ತಾರೆ. ಆದರೆ ನಮ್ಮ ಪಕ್ಕದ ಮನೆಯ ಹುಡುಗಿ ಬಿ.ಕಾಂ. ಮುಗಿಸಿ, ಮನೆಯಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ‘ಎಐಗೆ ಟ್ರೇನಿಂಗ್ ಕೊಡೋ ಕೆಲಸ’ ಮಾಡುತ್ತಿದ್ದಾಳಂತೆ. ಇದರಲ್ಲಿ ಯಾವುದು ನಿಜ?

ಎರಡೂ ನಿಜ. ಮೊದಲನೆಯದನ್ನು ಕಂಪನಿಗಳು ಮೈಕು ಹಿಡಿದು ಹೇಳುತ್ತವೆ. ಎರಡನೆಯದನ್ನು ಯಾರಾದರೂ ಕೇಳಿದರೆ ಹೇಳುತ್ತವೆ.

ಈ ಪ್ರಶ್ನೆ ಒಂದಲ್ಲ ಒಂದು ವೇಷದಲ್ಲಿ ನನಗೆ ಬರುತ್ತಲೇ ಇರುತ್ತದೆ. “ಹಿಂದುಗಡೆ ಜನ ಕೂತು ಟೈಪ್ ಮಾಡ್ತಾರಂತಲ್ಲ, ಹೌದಾ?” ಎಂದು ಕೇಳಿದವರೂ ಇದ್ದಾರೆ. ಅಷ್ಟು ದೂರ ಹೋಗಬೇಕಿಲ್ಲ. ನೀವು ಕೇಳಿದ ಹೊತ್ತಿಗೆ ಉತ್ತರ ಕೊಡುವುದು ಯಂತ್ರವೇ. ಆದರೆ ಯಾವುದನ್ನು ಹೇಗೆ ಹೇಳಬೇಕು, ಯಾವುದಕ್ಕೆ ಬಾಯಿ ಬಿಡಬಾರದು ಎಂದು ಅದನ್ನು ಮೊದಲೇ ತಿದ್ದಿ ಕೂರಿಸಿದವರು ಮನುಷ್ಯರು. ಅವರ ಹೆಸರು ಎಲ್ಲೂ ಬರುವುದಿಲ್ಲ.

ಕೆಲಸ ಹೇಗೆ ನಡೆಯುತ್ತದೆ ನೋಡಿ. ಮೊದಲು ಯಂತ್ರ ಓದುತ್ತದೆ. ಪುಸ್ತಕ, ಪತ್ರಿಕೆ, ವಿಕಿಪೀಡಿಯ, ಜನರ ಹರಟೆ, ಜಗಳ, ಎಲ್ಲ. ಒಂದು ವಾಕ್ಯದ ಮುಂದಿನ ಪದ ಯಾವುದಿರಬಹುದು ಎಂದು ಊಹಿಸುವುದಷ್ಟೇ ಅದರ ಪಾಠ. ಅದನ್ನೇ ಕೋಟಿಗಟ್ಟಲೆ ಸಲ ಮಾಡುತ್ತದೆ. ಈ ಹಂತದಲ್ಲಿರುವ ಯಂತ್ರವನ್ನು “ರಾಗಿ ಮುದ್ದೆ ಗಂಟಾಗದ ಹಾಗೆ ಮಾಡೋದು ಹೇಗೆ?” ಎಂದು ಕೇಳಿದರೆ ಅದು ಉತ್ತರ ಹೇಳುತ್ತದೆಂಬ ಖಾತರಿಯಿಲ್ಲ. “ಚಪಾತಿ ಮೆತ್ತಗಾಗಲು ಏನು ಮಾಡಬೇಕು? ದೋಸೆ ಕಾವಲಿಗೆ ಅಂಟಿದರೆ ಏನು ಮಾಡಬೇಕು?” ಎಂದು ಇನ್ನೆರಡು ಪ್ರಶ್ನೆ ಪೋಣಿಸಿದರೂ ಪೋಣಿಸೀತು. ಪ್ರಶ್ನೆಯ ಹಿಂದೆ ಪ್ರಶ್ನೆ ಬರುವ ಪುಟಗಳನ್ನು ಅದು ಬೇಕಾದಷ್ಟು ಓದಿದೆಯಲ್ಲ. ಮಾತು ಬಂದಿದೆ, ಯಾರು ಕೇಳುತ್ತಿದ್ದಾರೆ, ಯಾಕೆ ಕೇಳುತ್ತಿದ್ದಾರೆ ಎಂಬುದು ತಿಳಿದಿಲ್ಲ.

ಪಕ್ಕದ ಮನೆಯ ಹುಡುಗಿ ಬರುವುದು ಇಲ್ಲಿ. ಒಂದಷ್ಟು ಜನ ಕೂತು ಮಾದರಿ ಪ್ರಶ್ನೆಗಳಿಗೆ ಮಾದರಿ ಉತ್ತರ ಬರೆಯುತ್ತಾರೆ. ಇನ್ನೊಂದಷ್ಟು ಜನರ ಮುಂದೆ ಒಂದೇ ಪ್ರಶ್ನೆಗೆ ಯಂತ್ರ ಕೊಟ್ಟ ಎರಡು ಮೂರು ಉತ್ತರಗಳನ್ನು ಇಡುತ್ತಾರೆ. ಒಂದರಲ್ಲಿ ನೀರು ಕುದಿಯುವ ಮೊದಲೇ ಹಿಟ್ಟು ಸುರಿ ಎಂದಿದೆ, ಇನ್ನೊಂದರಲ್ಲಿ ಕುದಿಸಿ, ಹಿಟ್ಟು ಹಾಕಿ, ಕೋಲಿನಲ್ಲಿ ತಿರುವು ಎಂದಿದೆ. ಯಾವುದು ಮೇಲು, ಯಾವುದು ಕೀಳು, ಯಾವುದು ಅಪಾಯಕಾರಿ ಎಂದು ಅವರು ಅಂಕ ಕೊಡುತ್ತಾ ಹೋಗಬೇಕು. ಈ ಅಂಕಗಳಿಂದ ಜನರ ಮೆಚ್ಚುಗೆಯನ್ನು ಊಹಿಸಬಲ್ಲ ಇನ್ನೊಂದು ಯಂತ್ರ-ಮಾದರಿ (ಮಾಡೆಲ್) ತಯಾರಾಗುತ್ತದೆ, ಅದನ್ನು ಮೇಷ್ಟರಾಗಿ ಇಟ್ಟುಕೊಂಡು ಮೊದಲ ಯಂತ್ರ ತನ್ನನ್ನು ತಿದ್ದಿಕೊಳ್ಳುತ್ತದೆ.

ಈ ತಿದ್ದುವ ಕೆಲಸದ ಬೆಲೆ ಎಷ್ಟೆಂದು ತಿಳಿಯಬೇಕಾದರೆ ಚಾಟ್‌ಜಿಪಿಟಿ ಮಾಡಿದ ಕಂಪನಿ ಓಪನ್‌ಎಐ 2022ರ ಮಾರ್ಚ್‌ನಲ್ಲಿ ತಾನೇ ಪ್ರಕಟಿಸಿದ ಪ್ರಬಂಧ ನೋಡಬೇಕು. ಸುಮಾರು 40 ಮಂದಿ ಗುತ್ತಿಗೆಯವರಿಂದ ಹೀಗೆ ತಿದ್ದಿಸಿದ, 130 ಕೋಟಿ ಪ್ಯಾರಾಮೀಟರುಗಳ (ಯಂತ್ರದ ಗಾತ್ರ ಅಳೆಯುವ, ಅದು ಕಲಿತದ್ದನ್ನು ಹಿಡಿದಿಡುವ ಅಂಕಿಗಳ) ಸಣ್ಣ ಮಾದರಿಯ ಉತ್ತರಗಳನ್ನು, ತಿದ್ದದೆ ಬಿಟ್ಟ 17,500 ಕೋಟಿ ಪ್ಯಾರಾಮೀಟರುಗಳ ಜಿಪಿಟಿ-3ರ ಉತ್ತರಗಳಿಗಿಂತ ಓದುವವರು ಹೆಚ್ಚು ಮೆಚ್ಚಿದರು. ಗಾತ್ರದಲ್ಲಿ ನೂರು ಪಟ್ಟಿಗೂ ಮಿಕ್ಕಿದ ವ್ಯತ್ಯಾಸವನ್ನು ನಲವತ್ತು ಜನರ ತಿದ್ದುಪಡಿ ಮುಚ್ಚಿಹಾಕಿತು. ಅದೇ ವರ್ಷ ನವೆಂಬರ್ 30ಕ್ಕೆ ಹೊರಬಂದ ಚಾಟ್‌ಜಿಪಿಟಿಯನ್ನು ಪಳಗಿಸಿದ್ದೂ ಈ ದಾರಿಯಲ್ಲೇ.

ಇಷ್ಟಾದರೆ ಇದು ಒಳ್ಳೆಯ ಕೆಲಸವೇ. ಮನೆಯಲ್ಲಿ ಕೂತು ಮುದ್ದೆಗೆ ಅಂಕ ಕೊಡುವುದಕ್ಕೆ ಯಾರು ಬೇಡ ಎನ್ನುತ್ತಾರೆ?

ಹೀಗೆ ಗುರುತು, ಅಂಕ ಹಾಕುವ ಕೆಲಸಕ್ಕೆ ಲೇಬಲಿಂಗ್ ಎನ್ನುತ್ತಾರೆ. ಅದರಲ್ಲಿ ಇನ್ನೊಂದು ಬಗೆ ಇದೆ. ಇಂಟರ್ನೆಟ್ ಓದಿದ ಯಂತ್ರ ಅಲ್ಲಿರುವ ಹೊಲಸನ್ನೂ ಓದಿರುತ್ತದೆ. ಅದು ಬಾಯಿಗೆ ಬರದಂತೆ ತಡೆಯಲು ಒಂದು ಜರಡಿ ಬೇಕು; ಯಾವುದು ಹೊಲಸು ಎಂದು ಜರಡಿಗೆ ಕಲಿಸಲು ಹೊಲಸನ್ನೇ ರಾಶಿ ಹಾಕಿ ಗುರುತು ಮಾಡಬೇಕು. ಓಪನ್‌ಎಐ ಈ ಕೆಲಸವನ್ನು 2021ರ ಕೊನೆಯಲ್ಲಿ ಸಾಮಾ ಎಂಬ ಕಂಪನಿಗೆ ಕೊಟ್ಟಿತು, ಸಾಮಾ ಅದನ್ನು ಕೀನ್ಯಾದ ನೈರೋಬಿಯಲ್ಲಿ ಮಾಡಿಸಿತು. 2023ರ ಜನವರಿಯಲ್ಲಿ ಟೈಮ್ ಪತ್ರಿಕೆ ಇದನ್ನು ಬಯಲಿಗೆಳೆಯಿತು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ, ಕೊಲೆ, ಚಿತ್ರಹಿಂಸೆ, ಆತ್ಮಹತ್ಯೆಯ ವರ್ಣನೆಗಳನ್ನು ಒಂಬತ್ತು ತಾಸಿನ ಪಾಳಿಯಲ್ಲಿ ಓದಿ ವಿಂಗಡಿಸುವುದು ಕೆಲಸ. ಪಾಳಿಗೆ 150ರಿಂದ 250 ತುಣುಕು ಓದಬೇಕಿತ್ತು ಎಂದು ಕೆಲಸಗಾರರು ಹೇಳಿದರು, 70 ಎಂದು ಸಾಮಾ ಹೇಳಿತು. ಕೈಗೆ ಸಿಗುತ್ತಿದ್ದದ್ದು ತಾಸಿಗೆ 1.32ರಿಂದ 2 ಡಾಲರ್. ನಮ್ಮ ಲೆಕ್ಕದಲ್ಲಿ ಆಗ ಸುಮಾರು 100ರಿಂದ 160 ರೂಪಾಯಿ. ಓಪನ್‌ಎಐ ಸಾಮಾಗೆ ಕೊಡುತ್ತಿದ್ದ ದರ ತಾಸಿಗೆ 12.50 ಡಾಲರ್. ಆ ದರದಲ್ಲಿ ಕಚೇರಿ, ಸವಲತ್ತು, ಮೇಲ್ವಿಚಾರಣೆಯ ಖರ್ಚೆಲ್ಲ ಸೇರಿದೆ ಎಂದು ಸಾಮಾ ಸಮಜಾಯಿಷಿ ಕೊಟ್ಟಿತು. ಸಂಬಳ ಮತ್ತು ಕೆಲಸಗಾರರ ಮನಸ್ಸಿನ ಆರೋಗ್ಯ ನೋಡಿಕೊಳ್ಳುವುದು ಸಾಮಾದ ಹೊಣೆಯಾಗಿತ್ತು ಎಂದು ಓಪನ್‌ಎಐ ಹೇಳಿತು. ಕೆಸರಾದ ಕೈ ನೈರೋಬಿಯಲ್ಲಿ, ಮೊಸರಿನ ಬಾಯಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ.

ಇದನ್ನು ಕೆಡುಕು ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕಲೂ ಆಗುವುದಿಲ್ಲ ನೋಡಿ. ಜರಡಿ ಬೇಕಾದದ್ದೇ. ಎಂಟನೇ ತರಗತಿಯ ಮಗು ಹೋಮ್‌ವರ್ಕ್ ಕೇಳಿದಾಗ ಅಸಹ್ಯ ಬರದಿರುವುದು ಆ ಜನ ಅದನ್ನು ಮೊದಲೇ ಓದಿದ್ದರಿಂದ. ಅಂಥ ಕೆಲಸಕ್ಕೆ ಅತಿ ಹೆಚ್ಚು ಸಂಬಳ, ಅತಿ ಕಡಿಮೆ ತಾಸು ಇರಬೇಕಿತ್ತು ಎಂಬುದಷ್ಟೇ ನನ್ನ ತಕರಾರು. ಆ ಮೇಲೆ, 2023ರ ಮೇ 1ರಂದು, ಫೇಸ್‌ಬುಕ್, ಟಿಕ್‌ಟಾಕ್, ಚಾಟ್‌ಜಿಪಿಟಿಗಳಿಗಾಗಿ ಇಂಥ ಕೆಲಸ ಮಾಡಿದ 150ಕ್ಕೂ ಹೆಚ್ಚು ಮಂದಿ ನೈರೋಬಿಯಲ್ಲಿ ಸೇರಿ ಸಂಘ ಕಟ್ಟುವ ತೀರ್ಮಾನ ಮಾಡಿದರು.

ಇದನ್ನೆಲ್ಲ ಓದುವಾಗ ನನಗೆ ನೆನಪಾಗುವುದು ದೊಡ್ಡಮ್ಮನ ಬೀಡಿ ಸೂಪು, ಎಂದರೆ ಬೀಡಿ ಕಟ್ಟುವಾಗ ತೊಡೆಯ ಮೇಲಿಡುವ ಮೊರ. ನಮ್ಮ ದಕ್ಷಿಣ ಕನ್ನಡದಲ್ಲಿ ಒಂದು ತಲೆಮಾರಿನ ಹೆಂಗಸರು ಮಕ್ಕಳ ಫೀಸು, ಮದುವೆಯ ಚಿನ್ನ ಎರಡನ್ನೂ ಬೀಡಿ ಕಟ್ಟಿಯೇ ಹೊಂದಿಸಿದವರು. ಬೀಡಿ ಕಂಪನಿಯ ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು ತರಬೇಕು, ಮನೆಯಲ್ಲಿ ಕಟ್ಟಬೇಕು, ಸಂಜೆ ಕಟ್ಟು ಹೊತ್ತುಕೊಂಡು ಹೋಗಿ ಬ್ರಾಂಚಿನಲ್ಲಿ ಕೊಡಬೇಕು. ಕೂಲಿ ಸಾವಿರಕ್ಕೆ ಇಷ್ಟು ಎಂದು. ಅಲ್ಲಿ ಕೂತವನು ಬೆರಳಿನಲ್ಲಿ ಒತ್ತಿ ನೋಡಿ ಒಂದು ಹಿಡಿ ಪಕ್ಕಕ್ಕೆ ಎಸೆದರೆ ಅದು ರಿಜೆಕ್ಟು, ಅದಕ್ಕೆ ಕಾಸಿಲ್ಲ. ಯಾಕೆ ಎಂದು ಕೇಳಿದರೆ ನಾಳೆ ಎಲೆ ಕಡಿಮೆ ಸಿಗುತ್ತದೆ. ದೊಡ್ಡಮ್ಮ ಕೇಳುತ್ತಿರಲಿಲ್ಲ. ಮನೆಗೆ ಬಂದು ಅವನ ಇಡೀ ವಂಶವನ್ನು ತುಳುವಿನಲ್ಲಿ ನೆನೆಯುತ್ತಿದ್ದರು.

ಎರಡು ವರ್ಷದ ಹಿಂದೆ ಕುತೂಹಲಕ್ಕೆಂದು ನಾನೂ ಒಂದು ಲೇಬಲಿಂಗ್ ಆ್ಯಪಿಗೆ ಸೇರಿದ್ದೆ, ಹೆಸರು ಬೇಡ. ರಸ್ತೆಯ ಫೋಟೋಗಳಲ್ಲಿ ಆಟೋ, ಬೈಕು, ದನಗಳ ಸುತ್ತ ಚೌಕಟ್ಟು ಎಳೆಯುವ ಟಾಸ್ಕು. ಮೂರು ಸಂಜೆ ಎಳೆದೆ. ಸುಮಾರು ಮೂರನೇ ಒಂದು ಪಾಲು ‘ರಿಜೆಕ್ಟೆಡ್’ ಎಂದು ಬಂತು, ಕಾರಣ ಇಲ್ಲ, ಕಾಸೂ ಇಲ್ಲ. ಕೇಳೋಣವೆಂದರೆ ಎದುರಿಗೆ ಕೂತವನೇ ಇಲ್ಲ. ಬ್ರಾಂಚಿನವನಿಗೆ ಮುಖವಾದರೂ ಇತ್ತು.

ಬೀಡಿಯ ಹೋಲಿಕೆಯನ್ನು ನಾನು ಸುಮ್ಮನೆ ತರುತ್ತಿಲ್ಲ. 1966ರಲ್ಲಿ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಬಂತು. ಮನೆಯಲ್ಲಿ ಕೂತು ಕಟ್ಟುವವರೂ ಕಾರ್ಮಿಕರೇ ಎಂದು ಅದು ಒಪ್ಪಿತು. ರಿಜೆಕ್ಟ್ ಆದ ಬೀಡಿಯ ವಿಷಯದಲ್ಲಿ ಜಗಳ ಬಂದರೆ ಸರ್ಕಾರ ನೇಮಿಸಿದ ಅಧಿಕಾರಿಯ ಹತ್ತಿರ ಹೋಗಲು ಅದರಲ್ಲಿ ದಾರಿಯಿತ್ತು. ಮಾಲೀಕರು ಕಾಯ್ದೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಪ್ರಕರಣದ ಹೆಸರೇ ಮಂಗಳೂರು ಗಣೇಶ್ ಬೀಡಿ ವರ್ಕ್ಸ್. 1974ರಲ್ಲಿ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. ನಡುವೆ ಗುತ್ತಿಗೆದಾರ ಇದ್ದಾನೆ ಎಂಬ ಕಾರಣಕ್ಕೆ ಮೇಲಿನ ಮಾಲೀಕ ಹೊಣೆಯಿಂದ ಜಾರಿಕೊಳ್ಳುವಂತಿಲ್ಲ ಎಂಬುದು ಅದರ ತಿರುಳು. ಸಾಮಾದ ಕಡೆಗೆ ಬೆರಳು ತೋರಿಸಿದ ಓಪನ್‌ಎಐ ಮಾತನ್ನು ಈ ತೀರ್ಪಿನ ಪಕ್ಕದಲ್ಲಿ ಇಟ್ಟು ಓದಿ. ಐವತ್ತು ವರ್ಷದ ಹಿಂದೆ ನಮ್ಮ ಕರಾವಳಿಯ ಬೀಡಿಗೆ ಸಿಕ್ಕ ಉತ್ತರ, ಜಗತ್ತಿನ ಅತಿ ಹೊಸ ಉದ್ಯಮಕ್ಕೆ ಇನ್ನೂ ತಲುಪಿಲ್ಲ.

ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರಿಗೆಂದು, ಎಂದರೆ ಆ್ಯಪುಗಳ ಮೂಲಕ ಬಿಡಿ ಬಿಡಿ ಕೆಲಸ ಮಾಡುವವರಿಗೆಂದು, ಕಾಯ್ದೆ ತಂದಿದೆ. ಕೆಲಸಗಾರರಿಗೆ ಸಲ್ಲುವ ಹಣದ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿಗಳು ಕಟ್ಟಬೇಕು, ಕೆಲಸದಿಂದ ತೆಗೆಯುವ ಮೊದಲು ಕಾರಣ ಬರೆದು ತಿಳಿಸಬೇಕು. ಒಳ್ಳೆಯದೇ. ಆದರೆ ಅದರ ಪಟ್ಟಿಯಲ್ಲಿ ಟ್ಯಾಕ್ಸಿ, ಊಟ-ದಿನಸಿ ಡೆಲಿವರಿ, ಸರಕು ಸಾಗಣೆಯಂಥವು ಹೆಸರು ಹಿಡಿದು ಇವೆ. ಡೇಟಾ ಲೇಬಲಿಂಗ್ ಹಾಗೆ ಹೆಸರು ಹಿಡಿದು ಇಲ್ಲ.

ಹಾಗೆಂದು ನಮ್ಮಲ್ಲಿ ಈ ಕೆಲಸ ಅಪರೂಪವಲ್ಲ. ನೆಕ್ಸ್ಟ್‌ವೆಲ್ತ್ ಎಂಬ ಬೆಂಗಳೂರಿನ ಕಂಪನಿ ಹುಬ್ಬಳ್ಳಿಯಂಥ ಊರುಗಳಲ್ಲೇ ಕಚೇರಿ ತೆರೆದು ಪದವೀಧರರಿಗೆ ಇಂಥ ಕೆಲಸ ಕೊಟ್ಟಿದೆ. ಕಚೇರಿ, ಸಂಬಳದ ಚೀಟಿ, ಎದುರಿಗೆ ಮ್ಯಾನೇಜರು ಇರುವ ಲೇಬಲಿಂಗಿಗೂ, ಆ್ಯಪಿನಲ್ಲಿ ಒಬ್ಬರೇ ಕೂತು ಮಾಡುವ ಲೇಬಲಿಂಗಿಗೂ ಬಹಳ ಅಂತರವಿದೆ.

ಕನ್ನಡದ ವಿಷಯವಂತೂ ಇನ್ನೂ ಸ್ವಾರಸ್ಯ. ಇಂಗ್ಲಿಷಿಗೆ ಹೋಲಿಸಿದರೆ ಇಂಟರ್ನೆಟ್ಟಿನಲ್ಲಿ ಕನ್ನಡ ಬರಹ ತೀರ ಕಡಿಮೆ, ಮಾತಿನ ಕನ್ನಡ ಇನ್ನೂ ಕಡಿಮೆ. ಕಲಬುರಗಿಯ “ಯಾಕ್ರಿ”, ಮಂಡ್ಯದ “ಯಾಕ್ಲಾ”, ಕುಂದಾಪುರದ “ಎಂತಕೆ” ಎಲ್ಲವನ್ನೂ ಯಂತ್ರಕ್ಕೆ ತಿಳಿಸಬೇಕಾದರೆ ಆಯಾ ಊರಿನವರ ಬಾಯಿಂದಲೇ ಕೇಳಿಸಬೇಕು. ಹಾಗಾಗಿ ಇಂಗ್ಲಿಷಿನಲ್ಲಿ ಕಂಪನಿಗಳು ಹೇಳದೆ ಕೇಳದೆ ಬಾಚಿಕೊಂಡದ್ದನ್ನು ಕನ್ನಡದಲ್ಲಿ ನಮ್ಮ ಮನೆ ಬಾಗಿಲಿಗೆ ಬಂದು ಕೇಳಬೇಕಾಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ನೆರವಿನಿಂದ ನಡೆಸುತ್ತಿರುವ ‘ವಾಣಿ’ ಯೋಜನೆಯ ಗುರಿ ದೇಶದ 773 ಜಿಲ್ಲೆಗಳಿಂದ ಒಂದೂವರೆ ಲಕ್ಷ ತಾಸಿಗೂ ಮೀರಿದ ಮಾತು ಸಂಗ್ರಹಿಸುವುದು. ಕೇಂದ್ರ ಸರ್ಕಾರದ ಭಾಷಾ ಯೋಜನೆ ‘ಭಾಷಿಣಿ’ ಜನರಿಂದ ಧ್ವನಿ, ಅನುವಾದ ಪಡೆಯುತ್ತದೆ. ಅದಕ್ಕೆ ಇಟ್ಟ ಹೆಸರು ‘ಭಾಷಾ ದಾನ’.

ದಾನ ಎಂಬ ಆ ಪದ ನನಗೆ ಸ್ವಲ್ಪ ಕಸಿವಿಸಿ. ಕೃಷಿ ಸಲಹೆ, ಆಸ್ಪತ್ರೆಯ ಮಾಹಿತಿ ಕನ್ನಡದಲ್ಲಿ ಮಾತಾಡಬೇಕಾದರೆ ಯಾರಾದರೂ ದನಿ ಕೊಡಲೇಬೇಕು, ಬಿಡುವಿದ್ದವರು ಕೊಟ್ಟರೆ ಪುಣ್ಯವೇ. ಆದರೆ ಎಲ್ಲರಿಗೂ ತೆರೆದಿಟ್ಟ ಬುತ್ತಿಯಿಂದ ಹೊಟ್ಟೆ ತುಂಬಿದ ದೊಡ್ಡ ಕಂಪನಿಯೂ ತುತ್ತು ತೆಗೆದುಕೊಳ್ಳಬಹುದು. ಬೇರೆ ದಾರಿಯೂ ಇದೆ ಎಂದು ತೋರಿಸಿದ್ದು ಬೆಂಗಳೂರಿನದೇ ಆದ ‘ಕಾರ್ಯ’ ಎಂಬ ಸಂಸ್ಥೆ. ಕರ್ನಾಟಕದ ಹಳ್ಳಿಗಳಲ್ಲಿ ಜನರ ಮೊಬೈಲಿನಲ್ಲೇ ಕನ್ನಡ ವಾಕ್ಯಗಳನ್ನು ಓದಿಸಿ ರೆಕಾರ್ಡ್ ಮಾಡಿಸಿಕೊಂಡು ತಾಸಿಗೆ ಸುಮಾರು 5 ಡಾಲರ್, ಎಂದರೆ 2023ರ ಲೆಕ್ಕದಲ್ಲಿ 400 ರೂಪಾಯಿ, ಕೊಟ್ಟಿತು. ಆ ದನಿಯನ್ನು ಮುಂದೆ ಮತ್ತೆ ಮಾರಿದರೆ ಮಾತಾಡಿದವರಿಗೂ ಪಾಲು ಎಂದಿತು. ನೈರೋಬಿಯ ದರದ ಪಕ್ಕದಲ್ಲಿ ಇದನ್ನು ಇಟ್ಟರೆ, ‘ಇಷ್ಟು ಕೊಟ್ಟರೆ ಉದ್ಯಮ ನಡೆಯುವುದಿಲ್ಲ’ ಎಂಬ ವಾದ ನಿಲ್ಲುವುದಿಲ್ಲ. ಆದರೆ ಇದು ಕಾಯಂ ನೌಕರಿಯಲ್ಲ. ಒಬ್ಬೊಬ್ಬರಿಗೆ ಒಂದು ಮಿತಿಯವರೆಗೆ ಮಾತ್ರ ಗಳಿಕೆ, ಆಮೇಲೆ ಇನ್ನೊಬ್ಬರಿಗೆ ಅವಕಾಶ.

“ಈಗ ಎಐಗೆ ಎಐಯೇ ಪಾಠ ಹೇಳುತ್ತದಂತಲ್ಲ, ಮನುಷ್ಯರು ಯಾಕೆ?” ಎಂದೂ ಕೇಳಬಹುದು. ಗಣಿತ, ಕೋಡಿಂಗ್‌ನಂಥ ಕಡೆ ಉತ್ತರ ಸರಿಯೋ ತಪ್ಪೋ ಎಂದು ಯಂತ್ರವೇ ತಾಳೆ ನೋಡಬಹುದು. ಚೀನಾದ ಡೀಪ್‌ಸೀಕ್ 2025ರ ಜನವರಿಯಲ್ಲಿ ತೋರಿಸಿದ ಒಂದು ಮಾದರಿ, ಹೆಜ್ಜೆ ಹೆಜ್ಜೆಯಾಗಿ ಯೋಚಿಸುವುದನ್ನು ಹೀಗೇ ಕಲಿತಿತ್ತು. ಆದರೆ ಅದರ ತಳಪಾಯವೂ ಮನುಷ್ಯರು ಬರೆದ ಬರಹವೇ. ಸಾಂತ್ವನದ ಮಾತು ಸಾಂತ್ವನದಂತೆ ಕೇಳುತ್ತದೆಯೇ, ‘ನೀನು’ ಎನ್ನಬೇಕಾದಲ್ಲಿ ‘ನೀವು’ ಎಂದಿತೇ ಎಂದು ಹೇಳಲು ಈಗಲೂ ಆ ಭಾಷೆಯವರೇ ಬೇಕು. ಚೌಕಟ್ಟು ಎಳೆಯುವ ಕೆಲಸ ಕಡಿಮೆಯಾಗುತ್ತಾ, ವೈದ್ಯರು, ವಕೀಲರು, ಭಾಷೆ ಬಲ್ಲವರು ತಿದ್ದುವ ಕೆಲಸ ಹೆಚ್ಚುತ್ತಿದೆ. ಪಕ್ಕದ ಮನೆಯ ಹುಡುಗಿಗೆ ಇದನ್ನು ಹೇಳಿ. ಅವಳ ಕನ್ನಡಕ್ಕೂ ಬೆಲೆ ಸಿಗುವ ದಿನಗಳಿವು.

ಅವಳನ್ನು ಇನ್ನೂ ಕೆಲವು ಮಾತು ಕೇಳಿ ನೋಡಿ. ದುಡ್ಡು ತಾಸಿಗೋ, ಟಾಸ್ಕಿಗೋ? ಟಾಸ್ಕಿಗಾದರೆ ನಿಯಮಾವಳಿ ಓದುವ ಹೊತ್ತಿಗೆ, ಟೆಸ್ಟು ಬರೆಯುವ ಹೊತ್ತಿಗೆ ಯಾರು ದುಡ್ಡು ಕೊಡುತ್ತಾರೆ? ರಿಜೆಕ್ಟ್ ಆದರೆ ಕಾರಣ ಹೇಳುತ್ತಾರಾ? ಹಿಂಸೆ, ಅಶ್ಲೀಲದ ಟಾಸ್ಕು ಬಂದರೆ ಬೇಡ ಎನ್ನುವ ಬಟನ್ ಇದೆಯಾ, ಒತ್ತಿದರೆ ಮುಂದಿನ ವಾರ ಕೆಲಸ ಕಡಿಮೆಯಾಗುತ್ತದಾ? ದಿನದಿನದ ಟಾಸ್ಕು, ಸಿಕ್ಕ ಹಣ, ರಿಜೆಕ್ಟ್ ಆದದ್ದು ಎಲ್ಲವನ್ನೂ ಸ್ಕ್ರೀನ್‌ಶಾಟ್ ತೆಗೆದು ಇಟ್ಟುಕೊಳ್ಳಲಿ. ಅಕೌಂಟು ರಾತ್ರೋರಾತ್ರಿ ಬಂದ್ ಆದರೆ ಅವಳ ಕೈಯಲ್ಲಿ ಉಳಿಯುವ ದಾಖಲೆ ಅದೊಂದೇ.

ಕೆಲಸಕ್ಕೆ ಸೇರುವ ಮೊದಲೇ ‘ರಿಜಿಸ್ಟ್ರೇಶನ್ ಫೀಸು’ ಎಂದು ದುಡ್ಡು ಕೇಳಿದ್ದರೆ ಮಾತ್ರ ಇಷ್ಟೆಲ್ಲ ವಿಚಾರಿಸುವುದೇ ಬೇಡ. ಅದು ಲೇಬಲಿಂಗ್ ಅಲ್ಲ, ಮೋಸ. ಕಟ್ಟಿಯಾಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಲಿ.