ಚಾಕ್ ಟಾಕ್‌ಗೆ ಸೀಮೆಸುಣ್ಣ ನಾನೇ ತಗೊಂಡು ಹೋಗಬೇಕಾ?

ಕೆಲವು ವರ್ಷಗಳ ಹಿಂದೆ, ಅಕ್ಟೋಬರ್ ತಿಂಗಳಲ್ಲಿ, ಒಬ್ಬ ಪೋಸ್ಟ್‌ಡಾಕ್ (ಪಿಎಚ್‌ಡಿ ಮುಗಿಸಿ ಇನ್ನೊಬ್ಬರ ಲ್ಯಾಬಿನಲ್ಲಿ ಸಂಶೋಧನೆ ಮಾಡುವವಳು) ನನ್ನ ಕೋಣೆಗೆ ಬಂದಳು. ಮೊದಲ ಫ್ಯಾಕಲ್ಟಿ ಇಂಟರ್‌ವ್ಯೂಗೆ ಕರೆ ಬಂದಿತ್ತು. ಫೋನಿನಲ್ಲಿ ಮೇಲ್ ತೋರಿಸಿ ಕೇಳಿದಳು: "ಎರಡನೇ ದಿನ ಮಧ್ಯಾಹ್ನ ಚಾಕ್ ಟಾಕ್ ಅಂತ ಹಾಕಿದ್ದಾರೆ. ಸೀಮೆಸುಣ್ಣ ನಾನೇ ತಗೊಂಡು ಹೋಗಬೇಕಾ?"

ನನಗೆ ನಗು ಬಂತು. ಆದರೆ ಅವಳು ತಮಾಷೆ ಮಾಡುತ್ತಿರಲಿಲ್ಲ. ಪಿಎಚ್‌ಡಿ ಆಗಿದೆ, ನಾಲ್ಕು ವರ್ಷ ಪೋಸ್ಟ್‌ಡಾಕ್ ಆಗಿದೆ, ಕೈಯಲ್ಲಿ ಒಳ್ಳೆಯ ಪೇಪರ್‌ಗಳಿವೆ. ಚಾಕ್ ಟಾಕ್ ಅಂದರೆ ಏನು ಅಂತ ಮಾತ್ರ ಇಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಸಣ್ಣ ಊರಿನವಳು. ಅವರ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ಇವಳೇ ಮೊದಲು.

ಅಮೆರಿಕದಲ್ಲಿ ಜೀವವಿಜ್ಞಾನದ ಪ್ರೊಫೆಸರ್ ಕೆಲಸಕ್ಕೆ ಹೋದರೆ ಎರಡು ಭಾಷಣ ಇರುತ್ತವೆ. ಮೊದಲನೆಯದು ಎಲ್ಲರೂ ಬರುವ ಸೆಮಿನಾರ್. ಸ್ಲೈಡ್ ಇರುತ್ತವೆ, ಹತ್ತು ಸಲ ಅಭ್ಯಾಸ ಮಾಡಿಕೊಂಡು ಹೋಗಬಹುದು. ಎರಡನೆಯದೇ ಚಾಕ್ ಟಾಕ್. ಬಾಗಿಲು ಹಾಕಿರುತ್ತದೆ, ಒಳಗೆ ಡಿಪಾರ್ಟ್‌ಮೆಂಟಿನ ಪ್ರೊಫೆಸರ್‌ಗಳು ಮಾತ್ರ. ಸಾಮಾನ್ಯವಾಗಿ ಸ್ಲೈಡ್ ಇಲ್ಲ, ಬರೀ ಬೋರ್ಡು. ಮುಂದಿನ ಐದು ವರ್ಷ ಏನು ಮಾಡುತ್ತೀರಿ ಅಂತ ಬರೆದು ತೋರಿಸಬೇಕು. ಎರಡು ಸಾಲು ಬರೆಯುವಷ್ಟರಲ್ಲಿ ಯಾರೋ ಅಡ್ಡ ಬರುತ್ತಾರೆ. ಈ ಪ್ರಯೋಗ ಕೈಕೊಟ್ಟರೆ? ಮೊದಲ ವಿದ್ಯಾರ್ಥಿಗೆ ಯಾವ ಕೆಲಸ ಕೊಡುತ್ತೀರಿ? ಇದನ್ನೇ ನಿಮ್ಮ ಹಳೇ ಲ್ಯಾಬಿನವರು ಮಾಡುತ್ತಿದ್ದಾರಲ್ಲ, ಅವರ ಜೊತೆ ಪೈಪೋಟಿ ಮಾಡ್ತೀರಾ? ಕೊನೆಯ ಪ್ರಶ್ನೆಗೆ ತಡವರಿಸಿದವರಿಗೆ ಕೆಲಸ ಸಿಕ್ಕಿದ್ದನ್ನು ನಾನು ಹೆಚ್ಚು ನೋಡಿಲ್ಲ.

ಇದು ಎಲ್ಲೂ ಸಿಲೆಬಸ್‌ನಲ್ಲಿ ಇಲ್ಲ. ಅಪ್ಪನೋ ಅಮ್ಮನೋ ಪ್ರೊಫೆಸರ್ ಆಗಿದ್ದರೆ ಊಟದ ಹೊತ್ತಿಗೆ ಕಿವಿಗೆ ಬೀಳುತ್ತದೆ. ದೊಡ್ಡ ಲ್ಯಾಬಿನಲ್ಲಿದ್ದರೆ ಹೋದ ವರ್ಷ ಇಂಟರ್‌ವ್ಯೂಗೆ ಹೋಗಿ ಬಂದವರು ಕಾಫಿ ಕುಡಿಯುತ್ತ ಹೇಳುತ್ತಾರೆ. ಉಳಿದವರಿಗೆ ಹೇಳುವವರಿಲ್ಲ. 2022ರಲ್ಲಿ ಬಂದ ಒಂದು ದೊಡ್ಡ ಅಧ್ಯಯನದ ಪ್ರಕಾರ, ಅಮೆರಿಕದಲ್ಲೇ ಪಿಎಚ್‌ಡಿ ಮಾಡಿದ ಅಲ್ಲಿನ ಅಧ್ಯಾಪಕರಲ್ಲಿ ಶೇ. 80ರಷ್ಟು ಜನ ಬಂದಿರುವುದು ಸುಮಾರು ಶೇ. 20ರಷ್ಟು ವಿಶ್ವವಿದ್ಯಾಲಯಗಳಿಂದ. ಅವರೆಲ್ಲ ಜಾಣರೇ. ಆದರೆ ಬರೀ ಜಾಣತನದಿಂದಲೇ ಇಷ್ಟು ಅಂತರ ಬಂತು ಅಂದರೆ ನಾನು ನಂಬುವುದಿಲ್ಲ.

ಈ ಕೊರತೆ ತುಂಬಲು ವೈದ್ಯಕೀಯ ಸಂಶೋಧನೆಗೆ ದುಡ್ಡು ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎನ್‌ಐಎಚ್ 1999ರಲ್ಲಿ ಐರಾಕ್ಡಾ ಅನ್ನುವ ಯೋಜನೆ ಶುರುಮಾಡಿತು. ಲೆಕ್ಕ ಸರಳ. ಪೋಸ್ಟ್‌ಡಾಕ್ ಮುಕ್ಕಾಲು ಪಾಲು ಸಮಯ ದೊಡ್ಡ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುವುದು, ಕಾಲು ಪಾಲು ಹತ್ತಿರದ ಇನ್ನೊಂದು ಕಾಲೇಜಿನಲ್ಲಿ ಪಾಠ ಮಾಡುವುದನ್ನು ಕಲಿಯುವುದು, ಕಲಿಸುವುದು. ಆ ಕಾಲೇಜುಗಳು ಎಂಥವು ಅನ್ನುವುದು ಮುಖ್ಯ. ಅಟ್ಲಾಂಟದ ಎಮೊರಿಯವರು ಅದೇ ಊರಿನ ಸ್ಪೆಲ್ಮನ್, ಮೋರ್‌ಹೌಸ್ ಜೊತೆ ಸೇರಿದರು. ಎರಡೂ ಕಪ್ಪು ವಿದ್ಯಾರ್ಥಿಗಳಿಗಾಗಿ ಕಟ್ಟಿದ ಹಳೆಯ ಕಾಲೇಜುಗಳು. ಕಾನ್ಸಾಸ್ ವಿಶ್ವವಿದ್ಯಾಲಯದವರು ಮೂಲನಿವಾಸಿ ಮಕ್ಕಳು ಓದುವ ಹ್ಯಾಸ್ಕೆಲ್ ಜೊತೆ ಸೇರಿದರು. ಪೋಸ್ಟ್‌ಡಾಕ್‌ಗೆ ಪಾಠದ ಅನುಭವ, ಆ ಮಕ್ಕಳಿಗೆ ತಮ್ಮಂಥವರೇ ವಿಜ್ಞಾನಿಯಾಗಿ ಎದುರು ನಿಂತ ಅನುಭವ. ನಾನು ದುಡಿದದ್ದೂ ಇಂಥದೇ ಮಾದರಿಯ ಒಂದು ತರಬೇತಿಯಲ್ಲಿ.

ಕಾಲು ಪಾಲು ಅಂದರೆ ವಾರಕ್ಕೆ ಒಂದೂಕಾಲು ದಿನ. ಕಾಗದದ ಮೇಲೆ ಚೆನ್ನಾಗಿದೆ. ಲ್ಯಾಬಿನ ಯಜಮಾನರಾದ ಪಿಐಗಳಿಗೆ ಅದು ಹೊಟ್ಟೆಯುರಿ. "ನನ್ನ ಇಲಿಗಳಿಗೆ ಗುರುವಾರ ರಜೆ ಇಲ್ಲ" ಅಂತ ಒಬ್ಬರು ನನಗೆ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರು. ನಿಜ ಹೇಳಬೇಕೆಂದರೆ, ಪಾಠ ಇರುವ ಸೆಮಿಸ್ಟರ್‌ನಲ್ಲಿ ಒಂದೂಕಾಲು ದಿನ ಎಲ್ಲಿಗೂ ಸಾಲುವುದಿಲ್ಲ. ಹೊಸಬರಿಗೆ ಒಂದು ಗಂಟೆ ಪಾಠಕ್ಕೆ ಎಂಟು ಗಂಟೆ ತಯಾರಿ ಬೇಕು. ಅದಕ್ಕೇ ಮೊದಲ ವರ್ಷ ನಾವು ಕ್ಲಾಸ್ ಕೊಡುತ್ತಿರಲಿಲ್ಲ. ಎರಡನೇ ವರ್ಷ ಒಂದೇ ಒಂದು ಕೋರ್ಸ್. ಮೂರನೇ ವರ್ಷ ಕೆಲಸದ ಅರ್ಜಿ.

ಒಬ್ಬ ಹುಡುಗನ ಮೊದಲ ಕ್ಲಾಸು ನೆನಪಿದೆ. ವಿಷಯ ಆಸ್ಮೋಸಿಸ್, ಅಂದರೆ ತೆಳು ಪೊರೆಯ ಮೂಲಕ ನೀರು ಆಚೀಚೆ ಹೋಗುವುದು. ಐವತ್ತು ನಿಮಿಷಕ್ಕೆ ಎಪ್ಪತ್ತನಾಲ್ಕು ಸ್ಲೈಡ್. ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಇಪ್ಪತ್ತನೇ ನಿಮಿಷಕ್ಕೆ ನನ್ನ ಪಕ್ಕದವನು ಶೂ ಆರ್ಡರ್ ಮಾಡುತ್ತಿದ್ದ. ಅವತ್ತು ಸಂಜೆ ಇಬ್ಬರೂ ಕೂತು ಅರವತ್ತು ಸ್ಲೈಡ್ ಕಿತ್ತುಹಾಕಿದೆವು. ಹುಡುಗನಿಗೆ ಕರುಳೇ ಕಿತ್ತ ಹಾಗಾಯಿತು ಅನ್ನಿ.

ಮುಂದಿನ ಕ್ಲಾಸಿಗೆ ಅವನು ಒಂದು ಸೌತೆಕಾಯಿ ತಂದ. ಹೋಳು ಮಾಡಿ ಉಪ್ಪುನೀರಿಗೆ ಹಾಕಿದ. ನೀರು ಒಳಗೆ ಹೋಗುತ್ತಾ, ಹೊರಗೆ ಬರುತ್ತಾ? ಕೈ ಎತ್ತಿ ಅಂದ. ಅರ್ಧಕ್ಕಿಂತ ಜಾಸ್ತಿ ಜನ ತಪ್ಪು. ಸರಿ ಉತ್ತರ ಹೇಳಲಿಲ್ಲ. ಪಕ್ಕದವರನ್ನು ಒಪ್ಪಿಸಿ ಅಂದ. ಕ್ಲಾಸು ಸಂತೆಯಾಯಿತು. ನನಗೆ ಅಮ್ಮನ ಉಪ್ಪಿನಕಾಯಿ ಭರಣಿ ನೆನಪಾಯಿತು. ಉಪ್ಪು ಹಾಕಿದ ಮಾವಿನ ಹೋಳು ನೀರು ಬಿಡುವುದನ್ನು ಬೇಸಿಗೆ ಬೇಸಿಗೆಗೂ ನೋಡಿದ್ದೆ. ಪಿಯುಸಿಯಲ್ಲಿ ಆಸ್ಮೋಸಿಸ್ ನೋಟ್ಸ್ ಬರೆದುಕೊಂಡಾಗ ಅದೇ ಇದು ಅಂತ ಹೊಳೆದಿರಲಿಲ್ಲ. ಮೇಷ್ಟ್ರು ಕೇಳಿರಲೂ ಇಲ್ಲ.

ಇದು ಬರೀ ಆಟ ಅಂತ ಮೂಗು ಮುರಿಯುವವರಿಗೆ ಒಂದು ಲೆಕ್ಕ. 2014ರಲ್ಲಿ 225 ಅಧ್ಯಯನಗಳನ್ನು ಒಟ್ಟಿಗೆ ಹಾಕಿ ನೋಡಿದರು. ಬರೀ ಲೆಕ್ಚರ್ ಕೇಳಿದ ಕ್ಲಾಸುಗಳಲ್ಲಿ ಫೇಲಾದವರು ಸುಮಾರು ಶೇ. 34. ವಿದ್ಯಾರ್ಥಿಗಳಿಗೂ ಕೆಲಸ ಕೊಟ್ಟ ಕ್ಲಾಸುಗಳಲ್ಲಿ ಸುಮಾರು ಶೇ. 22.

ಆ ಹುಡುಗ ಕೆಲಸದ ಅರ್ಜಿಗೆ ಟೀಚಿಂಗ್ ಸ್ಟೇಟ್‌ಮೆಂಟ್ (ತಾನು ಹೇಗೆ ಪಾಠ ಮಾಡುತ್ತೇನೆ ಅನ್ನುವ ಬರಹ) ಬರೆದಾಗ ಮೊದಲ ಸಾಲು "ಬೋಧನೆ ನನ್ನ ಉಸಿರು" ಅಂತ ಇತ್ತು. ಹೊಡೆದುಹಾಕಿ ಸೌತೆಕಾಯಿ ಬರಿ ಅಂದೆ. ಆಯ್ಕೆ ಸಮಿತಿಯಲ್ಲಿ ಕೂತು ಇನ್ನೂರು ಅರ್ಜಿ ಓದಿದವರಿಗೆ ಗೊತ್ತು, ಎಲ್ಲರ ಉಸಿರೂ ಬೋಧನೆಯೇ.

ಇನ್ನು ಸ್ಟಾರ್ಟಪ್. ಕೆಲಸ ಕೊಡುವಾಗ ಲ್ಯಾಬ್ ಹೂಡಲು ಕೊಡುವ ದುಡ್ಡಿಗೆ ಹಾಗೆನ್ನುತ್ತಾರೆ. ಇದರಲ್ಲಿ ನನ್ನದೇ ಪೆದ್ದುತನ ಇದೆ. ಮೊದಲ ಕೆಲಸಕ್ಕೆ ಫೋನ್ ಬಂದಾಗ ಒಂದೇ ನಿಮಿಷದಲ್ಲಿ ಒಪ್ಪಿಕೊಂಡೆ. ಕೊಟ್ಟಿದ್ದನ್ನು ಕಣ್ಣಿಗೊತ್ತಿಕೊಂಡು ತಗೋ ಅಂತ ಬೆಳೆದವನು. ಕೇಳುವುದು ಅಂದರೆ ದುರಾಸೆ ಅಂದುಕೊಂಡಿದ್ದೆ. ಅದೇ ವರ್ಷ ಸೇರಿದ ಇನ್ನೊಬ್ಬರು ಕೇಳಿ ಮೈನಸ್ ಎಂಬತ್ತರ ಫ್ರೀಜರ್ ಪಡೆದಿದ್ದರು, ಒಬ್ಬ ಟೆಕ್ನಿಶಿಯನ್ ಸಂಬಳವನ್ನೂ ಪಡೆದಿದ್ದರು. ನಾನು ಮೂರು ವರ್ಷ ಅವರ ಫ್ರೀಜರಿನ ಕೆಳಗಿನ ತಟ್ಟೆಯಲ್ಲಿ ಬಾಡಿಗೆಗಿದ್ದೆ. "ಪಟ್ಟಿ ಕಳಿಸಿ ಅಂತ ಕಾಯುತ್ತಿದ್ದೆವು, ನೀವು ಕಳಿಸಲೇ ಇಲ್ಲ" ಅಂದರು ನಮ್ಮ ಮುಖ್ಯಸ್ಥರು, ಆಮೇಲೆ. ಈಗ ನನ್ನ ಹತ್ತಿರ ಬರುವವರಿಗೆ ಇಂಟರ್‌ವ್ಯೂಗೆ ಮುಂಚೆಯೇ ಪಟ್ಟಿ ಬರೆಸುತ್ತೇನೆ, ಟ್ಯೂಬ್ ಇಡುವ ಸ್ಟ್ಯಾಂಡೂ ಬಿಡದ ಹಾಗೆ.

ನಮ್ಮ ಕಡೆಯಿಂದ ಹೋದ ಪೋಸ್ಟ್‌ಡಾಕ್‌ಗಳಿಗೆ ಒಂದು ಮಾತು. ಐರಾಕ್ಡಾಗೆ ಅಲ್ಲಿನ ಪೌರತ್ವ ಅಥವಾ ಗ್ರೀನ್ ಕಾರ್ಡ್ ಬೇಕಿತ್ತು, ಜೆ1, ಎಚ್1ಬಿ ವೀಸಾದವರಿಗೆ ಬಾಗಿಲು ಇರಲಿಲ್ಲ. 2025ರಲ್ಲಂತೂ ಎನ್‌ಐಎಚ್ ವೈವಿಧ್ಯದ ಹೆಸರಿನ ಹಲವು ತರಬೇತಿ ಯೋಜನೆಗಳನ್ನೇ ನಿಲ್ಲಿಸಿತು. ಹಾಗಂತ ಸುಮ್ನೆ ಕೂರಬೇಕಿಲ್ಲ. ನಿಮ್ಮ ವಿಶ್ವವಿದ್ಯಾಲಯದಲ್ಲೇ ಯಾರದಾದರೂ ಕೋರ್ಸ್‌ನಲ್ಲಿ ಎರಡು ಕ್ಲಾಸ್ ಕೇಳಿ ತೆಗೆದುಕೊಳ್ಳಿ, ಹಿಂದೆ ಒಬ್ಬರನ್ನು ಕೂರಿಸಿಕೊಳ್ಳಿ. ಬೇರೆ ಕಾಲೇಜಿನಲ್ಲಿ ಸಂಬಳಕ್ಕೆ ಪಾಠ ಮಾಡುವುದಾದರೆ ಮೊದಲು ವೀಸಾ ನೋಡಿಕೊಳ್ಳುವ ಕಚೇರಿಯನ್ನು ಕೇಳಿ. ಸಂಬಂಧಿಕರನ್ನು ಕೇಳಬೇಡಿ. ಚಾಕ್ ಟಾಕ್ ಅಭ್ಯಾಸಕ್ಕೆ ವೀಸಾ ಬೇಡ, ದುಡ್ಡೂ ಬೇಡ. ಒಂದು ಬೋರ್ಡು, ಮಧ್ಯೆ ಬಾಯಿ ಹಾಕುವ ನಾಲ್ಕು ಜನ ಸಾಕು.

ಮಿಸಿಸಿಪ್ಪಿಯ ಹುಡುಗಿಗೂ ಅದನ್ನೇ ಮಾಡಿದೆವು. ಮೊದಲ ಸಲ ಮೂರನೇ ನಿಮಿಷಕ್ಕೆ ನಾನು ಅಡ್ಡ ಬಂದೆ. ಅವಳು ಬೋರ್ಡಿನ ಕಡೆ ತಿರುಗಿದವಳು ತಿರುಗಿಕೊಂಡೇ ಇದ್ದಳು. ಐದನೇ ಸಲಕ್ಕೆ ನನ್ನ ಪ್ರಶ್ನೆಯನ್ನೇ ಬೋರ್ಡಿನ ಮೂಲೆಯಲ್ಲಿ ಬರೆದು, "ಇದಕ್ಕೆ ಕೊನೆಯಲ್ಲಿ ಬರ್ತೀನಿ" ಅಂದು ಮುಂದೆ ಹೋದಳು. ಸೀಮೆಸುಣ್ಣದ ವಿಷಯಕ್ಕೆ, ಈಗ ಎಲ್ಲ ಕಡೆ ಬಿಳಿ ಬೋರ್ಡೇ ಇರುವುದು, ಆದರೂ ನಿನ್ನ ಪೆನ್ನು ಇಟ್ಟುಕೋ ಅಂದಿದ್ದೆ.

ಇಂಟರ್‌ವ್ಯೂ ಮುಗಿಸಿ ಏರ್‌ಪೋರ್ಟಿನಿಂದ ಫೋನ್ ಮಾಡಿದಳು. ಅಲ್ಲಿದ್ದ ಪೆನ್ನುಗಳೆಲ್ಲ ಒಣಗಿದ್ದವಂತೆ. ಮುಖ್ಯಸ್ಥರು ಎದ್ದು ಹುಡುಕುವಷ್ಟರಲ್ಲಿ ಇವಳು ಬ್ಯಾಗಿನಿಂದ ನಾಲ್ಕು ಬಣ್ಣ ತೆಗೆದು ಬರೆಯಲು ಶುರುಮಾಡಿಬಿಟ್ಟಿದ್ದಳಂತೆ.