ಏಪ್ರಿಲ್ ರಜೆಗೆ ಗುಲ್ಮಾರ್ಗ್‌ನಲ್ಲಿ ಸ್ಕೀ ಕಲಿಯಬಹುದಾ? ಬಟ್ಟೆ ಏನು ತಗೋಬೇಕು?

ಪ್ರಶ್ನೆ: ನಾವು ಬಾಗಲಕೋಟೆಯವರು. ಮಕ್ಕಳ ಪರೀಕ್ಷೆ ಮುಗಿದ ಮೇಲೆ ಕಾಶ್ಮೀರದ ಗುಲ್ಮಾರ್ಗ್‌ಗೆ ಹೋಗಿ ಸ್ಕೀ ಕಲಿಯಬೇಕು ಅಂತ ಆಸೆ. ಯಾರೂ ಹಿಮ ಕಂಡವರಲ್ಲ. ಎಲ್ಲರಿಗೂ ದಪ್ಪ ಜಾಕೆಟ್ ಕೊಂಡರೆ ಸಾಕಾ?

ಉತ್ತರ: ಜಾಕೆಟ್ ಆಮೇಲೆ ನೋಡೋಣ. ಮೊದಲು ತಾರೀಕು ಗಟ್ಟಿ ಮಾಡಿಕೊಳ್ಳಿ. ನಮ್ಮ ಶಾಲೆಗಳಿಗೆ ಬೇಸಿಗೆ ರಜೆ ಸಿಗುವುದು ಏಪ್ರಿಲ್ ಎರಡನೇ ವಾರದ ಹೊತ್ತಿಗೆ. ಗುಲ್ಮಾರ್ಗ್‌ನಲ್ಲಿ ಹೊಸಬರು ಕಲಿಯುವ ತಗ್ಗಿನ ಇಳಿಜಾರುಗಳು ಇರುವುದು ಸುಮಾರು 2650 ಮೀಟರ್ ಎತ್ತರದಲ್ಲಿ. ಮಾರ್ಚ್ ಕೊನೆಗೇ ಅಲ್ಲಿ ಹಿಮ ಕರಗಿ ಹುಲ್ಲು ಕಾಣತೊಡಗುತ್ತದೆ. ಏಪ್ರಿಲ್‌ನಲ್ಲಿ ಹಿಮ ಉಳಿಯುವುದು ಮೇಲೆ, ಗೊಂಡೋಲಾದ (ಅಲ್ಲಿಯ ಕೇಬಲ್ ಕಾರ್) ಎರಡನೇ ಹಂತ ಮುಟ್ಟುವ ಅಫರ್ವಾಟ್ ಬೆಟ್ಟದ ಕಡೆ. ಅದು 3900 ಮೀಟರ್ ದಾಟಿದ ಜಾಗ. ಅಲ್ಲಿಯ ಇಳಿಜಾರು ಕಡಿದಾದದ್ದು, ಹಿಮಕುಸಿತದ ಭಯವೂ ಇದೆ. ಕಲಿಯುವವರಿಗೆ, ಅದರಲ್ಲೂ ಮಕ್ಕಳಿಗೆ ಅದು ಬೇಡವೇ ಬೇಡ. ಹಾಗಾಗಿ ಏಪ್ರಿಲ್‌ನಲ್ಲಿ ಹೋಗುವುದಾದರೆ ಹಿಮ ನೋಡಲು ಹೋಗಿ. ಸ್ಕೀ ಕಲಿಯಲೇಬೇಕು ಅಂದರೆ ಮಾರ್ಚ್ ಮೊದಲ ಎರಡು ವಾರದೊಳಗೆ ಹೋಗಿ. ಪರೀಕ್ಷೆ ಅಡ್ಡ ಬಂದರೆ ಮುಂದಿನ ಫೆಬ್ರುವರಿಗೆ ಇಟ್ಟುಕೊಳ್ಳುವುದೇ ವಾಸಿ.

ಫೆಬ್ರುವರಿಯಲ್ಲೂ ಹಿಮ ಖಾತ್ರಿಯಲ್ಲ ಅನ್ನುವುದೂ ಗೊತ್ತಿರಲಿ. 2025ರಲ್ಲಿ ಗುಲ್ಮಾರ್ಗ್‌ನ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟವನ್ನು ಹಿಮ ಸಾಲದೆ ಫೆಬ್ರುವರಿಯಿಂದ ಮಾರ್ಚ್‌ಗೆ ಮುಂದೂಡಿದ್ದರು. ಹೋಟೆಲ್ ಕಾದಿರಿಸುವಾಗ ದಿನ ಬದಲಿಸಲು ಬರುತ್ತದಾ ಅಂತ ಕೇಳಿಯೇ ದುಡ್ಡು ಕಟ್ಟಿ.

ಈಗ ಬಟ್ಟೆಗೆ ಬರೋಣ. ನಮ್ಮ ಕಡೆಯವರಿಗೆ ಚಳಿ ಅಂದ ಕೂಡಲೇ ದಪ್ಪ ಜಾಕೆಟ್ ನೆನಪಾಗುತ್ತದೆ. ಆದರೆ ಮಾರ್ಚ್‌ನ ಹಿಮದಲ್ಲಿ ಚಳಿಗಿಂತ ಜಾಸ್ತಿ ಕಾಡುವುದು ತೇವ. ರಾತ್ರಿ ಹೆಪ್ಪುಗಟ್ಟಿದ ಹಿಮ ಬೆಳಿಗ್ಗೆ ಕಲ್ಲಿನ ಹಾಗೆ ಇರುತ್ತದೆ. ಬಿಸಿಲು ಏರಿದಂತೆ ಮೆತ್ತಗಾಗಿ, ಮಧ್ಯಾಹ್ನಕ್ಕೆ ನೀರು ನೀರಾಗುತ್ತದೆ. ಹೊಸಬರು ಅದರಲ್ಲೇ ಬೀಳುತ್ತಾರೆ, ಕೂರುತ್ತಾರೆ, ಕೈಯೂರಿ ಏಳುತ್ತಾರೆ. ಹೊರಗಿನಿಂದ ಹಿಮದ ನೀರು, ಒಳಗಿನಿಂದ ಬೆವರು. ಸ್ಕೀ ಕಟ್ಟಿಕೊಂಡು ಅಡ್ಡ ಹೆಜ್ಜೆ ಇಟ್ಟು ಇಳಿಜಾರು ಹತ್ತಿದರೆ ಎಂಥ ಚಳಿಯಲ್ಲೂ ಬೆವರು ಕಿತ್ತುಕೊಂಡು ಬರುತ್ತದೆ.

ಅದಕ್ಕೇ ಮೈಗೆ ತಾಗುವ ಬಟ್ಟೆ ಹತ್ತಿಯದಾಗಿರಬಾರದು. ನಮ್ಮ ಬಿಸಿಲಿಗೆ ಹತ್ತಿಯಷ್ಟು ಹಿತವಾದದ್ದು ಇಲ್ಲ, ಒಪ್ಪುತ್ತೇನೆ. ಆದರೆ ಹತ್ತಿ ಬನಿಯನ್ ಬೆವರು ಕುಡಿದು ಒದ್ದೆಯಾಗಿಯೇ ಉಳಿಯುತ್ತದೆ. ನೀವು ನಿಂತ ಕ್ಷಣ ಮೈ ತಣ್ಣಗಾಗುತ್ತದೆ. ಉಣ್ಣೆ ಹಾಗಲ್ಲ, ತುಸು ಒದ್ದೆಯಾದರೂ ಬೆಚ್ಚಗಿಡುತ್ತದೆ. ಮಳೆಯಲ್ಲಿ ಕುರಿ ಕಾಯುವವರು ಕಂಬಳಿ ಹೊದ್ದು ನಿಲ್ಲುವುದು ಸುಮ್ನೆ ಅಲ್ಲ. ಸ್ಕೀಗೆ ತೆಳು ಮೆರಿನೋ ಉಣ್ಣೆಯ ಥರ್ಮಲ್ ಒಳ್ಳೆಯದು. ಅದು ದುಬಾರಿ ಅನ್ನಿಸಿದರೆ ಪಾಲಿಯೆಸ್ಟರ್ ಥರ್ಮಲ್ ಸಾಕು. ಕೊಳ್ಳುವಾಗ ಲೇಬಲ್ ಓದಿ, ಥರ್ಮಲ್ ಅಂತ ಹತ್ತಿಯವನ್ನೂ ಮಾರುತ್ತಾರೆ. ಅದರ ಮೇಲೆ ಒಂದು ಫ್ಲೀಸ್ (ಮೆತ್ತನೆಯ ಬೆಚ್ಚನೆ ಮೇಲಂಗಿ), ಅದರ ಮೇಲೆ ನೀರು ಒಳಬಿಡದ ತೆಳು ಜಾಕೆಟ್. ಸೆಕೆಯಾದರೆ ಫ್ಲೀಸ್ ಬಿಚ್ಚಿ ಬ್ಯಾಗಿಗೆ ಹಾಕಿ. ದಪ್ಪ ಜಾಕೆಟ್ ಒಂದೇ ಇದ್ದರೆ ಏನು ಬಿಚ್ಚುತ್ತೀರಿ?

ಜಾಕೆಟ್‌ಗಿಂತ ಪ್ಯಾಂಟ್ ಮುಖ್ಯ. ಮೊದಲ ದಿನ ನೀವು ಜಾಸ್ತಿ ಹೊತ್ತು ಕಳೆಯುವುದು ಹಿಮದ ಮೇಲೆ ಕೂತು! ಜೀನ್ಸ್ ಹಾಕಿದರೆ ಅರ್ಧ ಗಂಟೆಯಲ್ಲಿ ತೋಯ್ದು ಭಾರವಾಗುತ್ತದೆ. ಲೇಬಲ್ ಮೇಲೆ 10,000 ಮಿ.ಮೀ. ಅಂತ ಇರುವ ಸ್ಕೀ ಪ್ಯಾಂಟ್ ನೋಡಿ. ಬಟ್ಟೆ ಎಷ್ಟು ನೀರಿನ ಒತ್ತಡ ತಡೆಯುತ್ತದೆ ಅನ್ನುವ ಅಳತೆ ಅದು. ಕೈಗೂ ನೀರು ತಡೆಯುವ ಗ್ಲೌಸೇ ಬೇಕು, ಹೆಣೆದ ಉಣ್ಣೆಯವು ಬೇಗ ನೆನೆಯುತ್ತವೆ. ಮಕ್ಕಳಿಗೆ ಇನ್ನೊಂದು ಜೊತೆ ಇರಲಿ. ಸಾಕ್ಸ್ ಮಾತ್ರ ಒಂದೇ ಜೊತೆ, ಮೊಣಕಾಲವರೆಗೆ ಬರುವಂಥದ್ದು. ಎರಡು ಜೊತೆ ಹಾಕಿದರೆ ಬೂಟಿನೊಳಗೆ ಸುಕ್ಕುಗಟ್ಟಿ ಬೊಬ್ಬೆ ಏಳುತ್ತದೆ, ಬಿಗಿಯಾಗಿ ರಕ್ತ ಓಡದೆ ಕಾಲು ಇನ್ನೂ ತಣ್ಣಗಾಗುತ್ತದೆ.

ಎಲ್ಲವನ್ನೂ ಕೊಳ್ಳುವುದು ಬೇಡ. ಥರ್ಮಲ್, ಸಾಕ್ಸ್, ಗ್ಲೌಸ್ ಕೊಂಡುಬಿಡಿ. ಸ್ಕೀ, ಬೂಟು, ಕೋಲು, ಹೆಲ್ಮೆಟ್ ಗುಲ್ಮಾರ್ಗ್‌ನಲ್ಲೇ ಬಾಡಿಗೆಗೆ ಸಿಗುತ್ತವೆ. ದಾರಿಯಲ್ಲಿ ಟಂಗ್‌ಮಾರ್ಗ್‌ನಲ್ಲಿ ಉದ್ದ ಕೋಟು, ಗಮ್‌ಬೂಟು ಬಾಡಿಗೆಗೆ ಕೊಡುತ್ತಾರೆ. ಅವು ಹಿಮದಲ್ಲಿ ಓಡಾಡಲು ಸರಿ, ಸ್ಕೀಗೆ ಆಗುವುದಿಲ್ಲ.

ಕಣ್ಣಿನ ವಿಷಯದಲ್ಲಿ ಮಾತ್ರ ದಯವಿಟ್ಟು ಉಳಿತಾಯ ಮಾಡಬೇಡಿ. ಬಾಗಲಕೋಟೆಯ ಬಿಸಿಲು ಕಂಡವರಿಗೆ ಅಲ್ಲಿಯ ಬಿಸಿಲೇನು ಅನ್ನಿಸಬಹುದು. ಆದರೆ ಪ್ರತಿ 1000 ಮೀಟರ್ ಏರಿದಾಗ ನೇರಳಾತೀತ (ಯುವಿ) ಕಿರಣ ಸುಮಾರು ಶೇ 10ರಷ್ಟು ಹೆಚ್ಚುತ್ತದೆ. ಹೊಸ ಹಿಮ ಅದರಲ್ಲಿ ಶೇ 80ರವರೆಗೆ ತಿರುಗಿ ಮುಖಕ್ಕೆ ಎಸೆಯುತ್ತದೆ. ಬರಿಗಣ್ಣಲ್ಲಿ ಕೆಲವು ಗಂಟೆ ಕಳೆದರೆ ಸಂಜೆಗೆ ಮರಳು ಬಿದ್ದಂತೆ ಕಣ್ಣು ಉರಿದು ನೀರು ಸುರಿಯುತ್ತದೆ. ಯುವಿ ತಡೆಯುವ ಗಾಗಲ್ ಚಿಕ್ಕ ಮಗುವಿಗೂ ಬೇಕು. ಸನ್‌ಸ್ಕ್ರೀನ್ ಗದ್ದದ ಕೆಳಗೂ, ಮೂಗಿನ ಅಡಿಗೂ ಹಚ್ಚಿ.

ಥರ್ಮಲ್ ಮತ್ತು ಪ್ಯಾಂಟನ್ನು ಮನೆಯಲ್ಲೇ ಒಮ್ಮೆ ಹಾಕಿಸಿ ನೋಡಿ. ಮಾರ್ಚ್ ಸೆಕೆಯಲ್ಲಿ ಮಕ್ಕಳು ರಂಪ ಮಾಡುತ್ತಾರೆ, ಫ್ಯಾನ್ ಕೆಳಗೆ ನಿಲ್ಲಿಸಿಯಾದರೂ ಅಳತೆ ನೋಡಿ. ಕೂತು ಎದ್ದಾಗ ಸೊಂಟದ ಹತ್ತಿರ ಬಟ್ಟೆ ಮೇಲೆ ಸರಿಯಬಾರದು. ಗೊಂಡೋಲಾ ಟಿಕೆಟನ್ನು ಮೊದಲೇ ಆನ್‌ಲೈನ್‌ನಲ್ಲಿ ತೆಗೆಯಿರಿ. ಇನ್ನು ಫೋನ್: ಹೊರರಾಜ್ಯದ ಪ್ರಿಪೇಯ್ಡ್ ಸಿಮ್ ಕಾಶ್ಮೀರದಲ್ಲಿ ನಡೆಯುವುದಿಲ್ಲ, ಮನೆಯಲ್ಲಿ ಒಬ್ಬರದಾದರೂ ಪೋಸ್ಟ್‌ಪೇಯ್ಡ್ ಇರಲಿ.